ವೇಲ್ಸಿನ ಗಂಧಕದ ನೀರು

ಮೊನ್ನೆ ಮಿಲ್ಪಿಟಾಸಿನ ಇಂಡಿಯನ್ ಗ್ರೋಸರಿಯಿಂದ ತಂದ ಕಪ್ಪು ಉಪ್ಪಿನ ಪೊಟ್ಟಣ ಕತ್ತರಿಸಿದೆ. ಕೊಳೆತ ಮೊಟ್ಟೆಯಂಥ ಆ ವಾಸನೆ ಮೂಗಿಗೆ ಬಡಿಯುತ್ತಲೇ ಪಕ್ಕದ ಮನೆ ಅಜ್ಜಿ ನೆನಪಾದರು. ಹೀಗೆ ನೆನಪಾಗುವುದು ಅವರಿಗೇನೂ ಅವಮಾನವಲ್ಲ. ಕೇಳಿದ್ದರೆ ಹಿಗ್ಗುತ್ತಿದ್ದರು.

ಎಂಬತ್ತರ ದಶಕದಲ್ಲಿ ನಾವು ಇಲ್ಲೇ ಹತ್ತಿರದ ಲಿವರ್‌ಮೋರಿನಲ್ಲಿದ್ದೆವು. ಅಜ್ಜಿ ವೇಲ್ಸ್ ದೇಶದವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರು ಚಿಕ್ಕವರಿದ್ದಾಗ ಬೇಸಿಗೆ ರಜೆಗೆ ಮನೆಮಂದಿಯೆಲ್ಲ ರೈಲು ಹತ್ತಿ, ಗಂಧಕದ ನೀರಿನ ಊಟೆಗಳಿದ್ದ ಒಂದು ಊರಿಗೆ ಹೋಗುತ್ತಿದ್ದರಂತೆ. ಊರಿನ ಹೆಸರಿಗೆ ನನ್ನ ನಾಲಿಗೆ ಕೊನೆಗೂ ಹೊರಳಲಿಲ್ಲ. ಮೈಗೆ ಒಳ್ಳೆಯದೆಂದು ಬೆಳಿಗ್ಗೆ ತಿಂಡಿಗೆ ಮುಂಚೆ ಮೂರು ಲೋಟ ನಾರುವ ನೀರು, ನಡುನಡುವೆ ಪಾರ್ಕಿನಲ್ಲಿ ಒಂದೊಂದು ಸುತ್ತು. ದಿನಸಿಯನ್ನು ತಾವೇ ಒಯ್ದರೆ ಇಳಿದುಕೊಂಡ ಮನೆಯಾಕೆ ಬೇಯಿಸಿ ಬಡಿಸುತ್ತಿದ್ದಳಂತೆ. ಆಮೇಲೆ ಆ ಫ್ಯಾಷನ್ನು ಮುಗಿಯಿತು, ಜನ ಬರುವುದು ನಿಂತಿತು, ನೀರು ಕೊಡುವ ಮನೆಗೆ ಬೀಗ ಬಿತ್ತು... ಅದಕ್ಕೆ ಮುಂಚೆ ತುಂಬಿಸಿ ತಂದ ಒಂದು ಬಾಟಲಿ, ಅರಗಿನ ಮುದ್ರೆ ಹಾಕಿದ್ದು, ಅಜ್ಜಿಯ ಕಪಾಟಿನ ಮೇಲಿತ್ತು.

ಮುದ್ರೆ ಹಾಕಿದ ನೀರನ್ನು ವಯಸ್ಸಾದವರು ಯಾಕೆ ಇಟ್ಟುಕೊಳ್ಳುತ್ತಾರೆ ಎಂದು ಮೈಸೂರಿನವಳಾದ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮ ತವರಿನ ದೇವರ ಗೂಡಿನಲ್ಲೂ ಬೆಸುಗೆ ಹಾಕಿದ ಗಂಗೆಯ ಗಿಂಡಿ ಇತ್ತು, ಕೊನೆಗಾಲದಲ್ಲಿ ಬಾಯಿಗೆ ಬಿಡಲೆಂದು. ಹಾಗಾಗಿ ಅಜ್ಜಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿ ಕಣ್ಣು ಮುಚ್ಚಿ ಮಲಗಿದಾಗ, ನನ್ನ ಬಳಿ ಇದ್ದ ಕೀಲಿಯಿಂದ ಅವರ ಮನೆ ತೆರೆದು ಬಾಟಲಿ ತಂದೆ.

“ಅಲ್ಲ ಕಣೇ, ಡಾಕ್ಟರೇ ಏನೂ ಹೇಳಿಲ್ಲ, ನೀನೇ ಡಿಸೈಡ್ ಮಾಡ್ಬಿಟ್ಯಾ?” ಎಂದರು ನಮ್ಮ ಯಜಮಾನರು. ನಾನು ಕೇಳುವವಳೇ?

ಮುದ್ರೆ ಒಡೆದೆ. ವಾರ್ಡೆಲ್ಲ ನಾರಿತು. ಒಂದು ಚಮಚ ತುಟಿಗೆ ಬಿಡುತ್ತಲೇ ಅಜ್ಜಿ ಕಣ್ಣು ಬಿಟ್ಟರು.

“ಅಯ್ಯೋ, ಇದನ್ಯಾಕೆ ತೆಗೆದೆ? ನನ್ನ ತಂಗಿ ಬಂದಾಗ ಇಬ್ರೂ ಕುಡಿಯೋಣ ಅಂತ ಇಟ್ಟಿದ್ದೆ!”

ಅಷ್ಟರಲ್ಲಿ ನರ್ಸು ಬಂದು ಬಾಟಲಿ ಕಿತ್ತುಕೊಂಡು ಸಿಂಕಿಗೆ ಸುರಿದಳು. ಅಷ್ಟು ವರ್ಷ ಕಾದಿಟ್ಟ ನೀರು...

ಗುಣವಾಗಿ ಮನೆಗೆ ಬಂದ ಮೇಲೂ ಅಜ್ಜಿ ಮೂರು ವಾರ ನನ್ನೊಡನೆ ಮಾತಾಡಲಿಲ್ಲ. ಕೊನೆಗೆ ನಾನೇ ಹೋಗಿ ಹೇಳಿದೆ. ನಮ್ಮಮ್ಮ ಹೋದಾಗ ನಾನು ಇಲ್ಲಿದ್ದೆ, ತಂತಿ ಕೈಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು, ಆ ಗಿಂಡಿಯ ನೀರು ಬಿಟ್ಟವರು ಬೇರೆ ಯಾರೋ. ನಿಮಗಾದರೂ ನನ್ನ ಕೈಯ ನೀರು ತಪ್ಪಬಾರದು ಎಂದು ಓಡಿ ಬಂದೆ, ಎಂದೆ. ಅಜ್ಜಿ ಎದ್ದು ಇನ್ನೊಂದು ಕಪ್ಪು ತಂದಿಟ್ಟರು. “ಹಾಗಾದ್ರೆ ಅದು ದಂಡ ಆಗಲಿಲ್ಲ ಬಿಡು,” ಎಂದು ನನಗೂ ಟೀ ಬಗ್ಗಿಸಿದರು. ಮರುಬೇಸಿಗೆಯಲ್ಲಿ ತಂಗಿ ಬಂದಾಗ ಈ ಕತೆಯನ್ನು ನನ್ನ ಬಾಯಿಂದಲೇ ಹೇಳಿಸಿ, ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಎರಡು ವರ್ಷದ ಮೇಲೆ ಅಜ್ಜಿ ನಿಜವಾಗಿಯೇ ಹೊರಟರು. ಪಕ್ಕದಲ್ಲಿ ನಾನಿದ್ದೆ. ಕೈಯಲ್ಲಿದ್ದುದು ಬರೀ ನಲ್ಲಿ ನೀರು, ಬಿಡಲೋ ಬೇಡವೋ ಎಂದು ಹಿಂಜರಿದೆ. ಅವರೇ ಬಾಯಿ ತೆರೆದರು.

ಈಗ ನನಗೇ ಅವರ ವಯಸ್ಸು. ಅಷ್ಟು ಹಕ್ಕಿನಿಂದ ಮುನಿಸಿಕೊಳ್ಳುವ ನೆರೆಯವರು ಆಮೇಲೆ ಸಿಗಲೇ ಇಲ್ಲ. ರೆಡ್‌ವುಡ್ ಸಿಟಿಯಲ್ಲಿರುವ ಮಗಳಿಗೆ ಮಾತ್ರ ಹೇಳಿಟ್ಟಿದ್ದೇನೆ: “ಗಂಗೆ ಗಿಂಗೆ ಅಂತ ಹುಡುಕ್ಬೇಡ ಕಣೇ, ನಲ್ಲಿ ನೀರೇ ಸಾಕು. ಮೀಟಿಂಗು, ಟ್ರಾಫಿಕ್ಕು ಅನ್ನದೆ ನೀನು ಬಾ.”