ಚೆಲ್ಲಿದ ನಾಲ್ಕು ಬಟ್ಟಲು

ಅಕ್ಕನ ಮಗಳು ಹುಟ್ಟಿದಾಗ ಒಂದು ಕಿಲೋ ನೂರಾ ಎಂಬತ್ತು ಗ್ರಾಂ ಇದ್ದಳು. ಅಕ್ಕನಿಗೆ ಏಳು ತಿಂಗಳು ತುಂಬಿ ಐದು ದಿನವಾಗಿತ್ತು. ಕಾಲುವೆಗೆ ನೀರು ಬಿಟ್ಟ ವಾರ ಅದು. ಕಕ್ಕೇರಾದ ನಮ್ಮ ಓಣಿಯೆಲ್ಲ ಭತ್ತದ ನಾಟಿಗೆ ಹೋಗಿತ್ತು. ಅಕ್ಕನಿಗೆ ಹೊಲದ ಬದುವಿನ ಮೇಲೆಯೇ ನೋವು ಬಂತು. ಸುರಪುರದಲ್ಲಿ ಹೆರಿಗೆಯಾಗಿ, ಶಹಾಪುರದ ಮೇಲೆ ಹಾದು, ತಾಯಿ ಕೂಸು ಇಬ್ಬರನ್ನೂ ಯಾದಗಿರಿಯ ಆಸ್ಪತ್ರೆಗೆ ತಂದೆವು. ನಮ್ಮ ನೀರಿನ ಪಾಳಿ ಮುಗಿಸಿ ಭಾವ ಬರಲು ಎರಡು ದಿನ ಬೇಕಾಯಿತು. ಅಲ್ಲಿಯವರೆಗೆ ಅಕ್ಕನ ಬಳಿ ಅವ್ವ ಮತ್ತು ನಾನು.

ನನಗಾಗ ಹತ್ತೊಂಬತ್ತು. ಎಂಟನೆಯ ತರಗತಿಯಿಂದ ದಿನಚರಿ ಬರೆಯುತ್ತಿದ್ದೆ: ಬಸ್ಸು ಎಷ್ಟು ನಿಮಿಷ ತಡ, ಕೋಳಿ ಎಷ್ಟು ತತ್ತಿ ಇಟ್ಟಿತು, ಕಾಲುವೆಯ ನೀರು ಎಷ್ಟನೆಯ ಮೆಟ್ಟಿಲು ಮುಟ್ಟಿತು. ಸುಳ್ಳು ಅಂಕಿ ಒಂದೂ ಬರೆದಿರಲಿಲ್ಲ.

ಕೂಸು ಕೆಳಗೆ, ನವಜಾತ ಶಿಶುಗಳ ಘಟಕದ ಗಾಜಿನ ಪೆಟ್ಟಿಗೆಯಲ್ಲಿ. ಅಕ್ಕ ಮೇಲಿನ ವಾರ್ಡಿನಲ್ಲಿ. ನಡುವೆ ಇಪ್ಪತ್ತೆರಡು ಮೆಟ್ಟಿಲು. ಅಕ್ಕ ಹಿಂಡಿ ಕೊಟ್ಟ ಹಾಲನ್ನು ನಾನು ಒಯ್ಯಬೇಕು, ಸಿಸ್ಟರ್ ಅದನ್ನು ನಳಿಕೆಯಲ್ಲಿ ಬಿಡಬೇಕು. ಸಲಕ್ಕೆ ಎರಡು ಎಂ.ಎಲ್.

ಎರಡನೆಯ ದಿನ ಮೊದಲ ಬಟ್ಟಲು ಹಿಡಿದು ಇಳಿಯುತ್ತಿದ್ದೆ. ತಳದಲ್ಲಿ ಅರ್ಧ ಚಮಚೆಯಷ್ಟು ಹಳದಿ ಹಾಲು. ಮೆಟ್ಟಿಲ ತಿರುವಿನಲ್ಲಿ ಕೂತಿದ್ದ ಅವ್ವ ನನ್ನ ಕೈ ಹಿಡಿದಳು.

“ಚೆಲ್ಲು ಅದನ. ಮೊದಲಿನ ಮೂರು ದಿನದ ಹಾಲು ಕೂಸಿಗಿ ನಂಜು.”

“ಸಿಸ್ಟರ್ ತಾ ಅಂದಾರ.”

“ಆಕಿ ಎಷ್ಟು ಹಡದಾಳ? ನಾ ಐದು ಹಡದೇನಿ. ಮೊದಲಿನವಗ ಇದನ್ನೇ ಕುಡಿಸಿದ್ದೆ. ನಿನ್ನ ಪುಸ್ತಕದಾಗ ಅವ ಅದಾನೇನು?”

ಇರಲಿಲ್ಲ. ನಾವು ಮಕ್ಕಳು ನಾಲ್ಕೇ. ಆ ಲೆಕ್ಕವನ್ನು ನಾನು ಎಂದೂ ಕೂಡಿಸಿ ನೋಡಿರಲಿಲ್ಲ.

ನಳದ ಕೆಳಗೆ ಬಟ್ಟಲು ತೊಳೆದೆ. ಸಿಸ್ಟರಿಗೆ, “ಇನ್ನಾ ಹಾಲು ಬಂದಿಲ್ರಿ” ಅಂದೆ. ಮೇಲೆ ಹೋದಾಗ ಅಕ್ಕ ಕೇಳಿದಳು, “ಕುಡೀತಾ?”

“ಎಲ್ಲಾ ಕುಡೀತು.”

“ಹೊಟ್ಟಿಬಾಕ ಅದ, ಅವರಪ್ಪನಂಗೇ,” ಎಂದು ನಕ್ಕು, ಸೆರಗು ಕಚ್ಚಿಕೊಂಡು ಮತ್ತೆ ಹಿಂಡತೊಡಗಿದಳು. ಅವಳ ಕಣ್ಣೆದುರೇ ದಿನಚರಿಯಲ್ಲಿ ಬರೆದೆ: ಎರಡು ಎಂ.ಎಲ್., ಕೊಟ್ಟಿದೆ. ಅಂದು ಎರಡು ಸಲ, ಮರುದಿನ ಎರಡು ಸಲ.

ನಾಲ್ಕನೆಯ ದಿನ ತೂಕ ಒಂದು ಕಿಲೋ ತೊಂಬತ್ತಕ್ಕೆ ಇಳಿಯಿತು. ತಾಯಿಹಾಲು ಇಲ್ಲವೆಂದು ಕೊಟ್ಟ ಡಬ್ಬಿ ಹಾಲು ದಕ್ಕದೆ ಹೊಟ್ಟೆ ಉಬ್ಬಿ, ಚರ್ಮ ಹೊಳೆಯುತ್ತಿತ್ತು. ಎಲ್ಲ ಹಾಲು ನಿಲ್ಲಿಸಿ ಬರೀ ಸಲೈನ್ ಹಚ್ಚಿದರು. ಸಿಸ್ಟರ್ ನನ್ನನ್ನು ಬಾಗಿಲಿಗೆ ಕರೆದರು.

“ನಿಮ್ಮಕ್ಕಗ ಇನ್ನಾ ಹಾಲು ಬಂದಿಲ್ಲೇನು?”

“ಬಂದಿತ್ರಿ. ಚೆಲ್ಲೇನಿ.”

“ಎಷ್ಟು ಸಲ?”

“ನಾಕು ಸಲರಿ.”

ಬೈದಿದ್ದರೆ ಹಗುರವಾಗುತ್ತಿತ್ತು. “ನಾಕು ಹನಿ ಹೋಗಿದ್ರೂ ಸಾಕಿತ್ತವ್ವಾ,” ಅಂದರು, ಅಷ್ಟೇ.

“ಅದಕ್ಕೇ ಹಿಂಗಾತೇನ್ರಿ?”

“ಹೌದಂತ ಹೇಳಾಕ ಬರಂಗಿಲ್ಲ. ಅಲ್ಲಂತನೂ ಹೇಳಾಕ ಬರಂಗಿಲ್ಲ.”

ಎರಡು ದಿನಕ್ಕೆ ಹೊಟ್ಟೆ ಮೆತ್ತಗಾಯಿತು. ಮತ್ತೆ ಒಂದು ಎಂ.ಎಲ್.ನಿಂದ ಶುರು. ಈಗ ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಇಳಿಯುತ್ತಿದ್ದೆ. ಹಾಲು ಬೆಳ್ಳಗಾಗಿತ್ತು, ಅವ್ವ ತಡೆಯುತ್ತಿರಲಿಲ್ಲ, ಆದರೂ ಮುಚ್ಚುತ್ತಿದ್ದೆ. ಒಂಬತ್ತನೆಯ ದಿನ ಸಾವಿರದ ನೂರಾ ಹತ್ತು. ಹದಿನೈದನೆಯ ದಿನ ಸಾವಿರದ ಇನ್ನೂರಾ ನಲವತ್ತು. ಇಪ್ಪತ್ತನೆಯ ದಿನದಿಂದ ಅಕ್ಕನ ಬರಿ ಎದೆಯ ಮೇಲೆ ಮಲಗಿಸತೊಡಗಿದರು. ಪ್ರತಿ ಅಂಕಿ ಏರಿದಾಗಲೂ ಅಕ್ಕ ನನ್ನ ತಲೆ ಸವರುತ್ತಿದ್ದಳು. ನಾನು ತಲೆ ತಗ್ಗಿಸುತ್ತಿದ್ದೆ.

ಮೂವತ್ತನಾಲ್ಕನೆಯ ದಿನ, ಸಾವಿರದ ಆರುನೂರಾ ಐವತ್ತು ಗ್ರಾಂ ಆದಾಗ ಮನೆಗೆ ಕಳಿಸಿದರು. ಭಾವ ಗಾಡಿ ತರಲು ಹೋದಾಗ ಅಕ್ಕ, “ನಿನ್ನ ಪುಸ್ತಕ ಮೊದಲಿಂದ ಓದು, ಕೇಳತೀನಿ,” ಅಂದಳು. ಎರಡನೆಯ ದಿನಕ್ಕೆ ಬಂದು ನಿಂತೆ.

“ಇಲ್ಲಿ ಕೊಟ್ಟಿದೆ ಅಂತ ಬರದೇನಿ. ಕೊಟ್ಟಿಲ್ಲ ಅಕ್ಕಾ. ನಾಕೂ ಸಲ ಚೆಲ್ಲೇನಿ.”

“ಯಾರು ಹೇಳಿದ್ರು?”

ನನ್ನ ಕಣ್ಣು ಬೆಂಚಿನ ಕಡೆ ಹೋಯಿತು. ಅಲ್ಲಿ ಅವ್ವ ಕೂಸಿನ ದುಪ್ಪಟಿಗಳನ್ನು ಮಡಚುತ್ತಿದ್ದಳು. ಅಕ್ಕ ಅತ್ತ ನೋಡಿದಳು. ಆಮೇಲೆ ಕೂಸಿನ ಕುಂಚಿಗೆ ಸರಿಪಡಿಸಿದಳು.

“ಆಕಿ ಮುಂದ ಇದನ ಓದಬ್ಯಾಡ,” ಅಂದಳು. “ನನ್ನ ಮುಂದನೂ ಇನ್ನೊಮ್ಮಿ ಓದಬ್ಯಾಡ.”

ಓದಿಲ್ಲ. ಆ ನಾಲ್ಕು ಸಾಲುಗಳನ್ನು ಹೊಡೆದೂ ಹಾಕಿಲ್ಲ. ಅಂದು ಮನೆಗೆ ಬಂದ ಮೇಲೆ ಅವುಗಳ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಅವ್ವ ಹಡೆದದ್ದು ಐದು.