ಸ್ಕೋರು ಪುಸ್ತಕದ ಒಂಟಿ ಚುಕ್ಕೆ

ಕಳೆದ ವಾರ ಅಕ್ಕನ ಕಣ್ಣು ತೋರಿಸಲು ಇಬ್ಬರೂ ತಿಪಟೂರಿಗೆ ಹೋಗಿದ್ದೆವು. ಡಾಕ್ಟರು ಅವಳ ಎರಡೂ ಕಣ್ಣಿಗೆ ಹನಿ ಹಾಕಿ, ಒಂದು ಗಂಟೆ ಸುತ್ತಾಡಿಕೊಂಡು ಬನ್ನಿ ಎಂದರು. ಹನಿ ಹಾಕಿಸಿಕೊಂಡು ಕಣ್ಣು ಮಂಜಾದವರು ಎಲ್ಲಿ ಸುತ್ತಾಡಬೇಕು ಎಂದು ಅವರು ಯೋಚಿಸಿದಂತಿರಲಿಲ್ಲ. ನಾನು ಅವಳ ರೆಟ್ಟೆ ಹಿಡಿದುಕೊಂಡು ನೆರಳಿರುವ ಕಡೆ ನಡೆಸುತ್ತಿದ್ದೆ. ಒಂದು ಶಾಲೆಯ ಕಾಂಪೌಂಡಿನ ಪಕ್ಕ ಬಂದಾಗ ಒಳಗಿನಿಂದ ಧಪ್ ಧಪ್ ಎಂದು ಚೆಂಡು ಪುಟಿಯುವ ಸದ್ದು ಕೇಳಿಸಿತು. ಅಕ್ಕ ನಿಂತುಬಿಟ್ಟಳು. "ಬಾಲಿಗೆ ಗಾಳಿ ಕಮ್ಮಿ ಐತೆ ಕಣೇ," ಎಂದಳು.

ಗೇಟು ತೆರೆದಿತ್ತು. ಒಳಗೆ ಹುಡುಗಿಯರು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು. ನಮ್ಮ ನರೆಗೂದಲು ನೋಡಿದ ಎಳೆಯ ವಯಸ್ಸಿನ ಟೀಚರೊಬ್ಬರು ಎರಡು ಕುರ್ಚಿ ಹಾಕಿಸಿದರು. ಅಕ್ಕನಿಗೆ ಆಟ ಕಾಣುತ್ತಿರಲಿಲ್ಲ, ನನ್ನ ಕಣ್ಣು ಆಟದ ಮೇಲಿರಲಿಲ್ಲ. ಕೋರ್ಟಿನ ಪಕ್ಕದಲ್ಲಿ ಒಂದು ಮೇಜು, ಅದರ ಹಿಂದೆ ಇಬ್ಬರು ಹುಡುಗಿಯರು. ಒಬ್ಬಳು ನಾಲಗೆಯ ತುದಿ ಹೊರಗೆ ಹಾಕಿಕೊಂಡು ಅಂಕ ಬರೆಯುತ್ತಿದ್ದಳು, ಇನ್ನೊಬ್ಬಳು ಸಮಯ ನೋಡುತ್ತಿದ್ದಳು. ಎಪ್ಪತ್ತರ ದಶಕದ ಕೊನೆಯಲ್ಲಿ ಇದೇ ಊರಿನ ಇನ್ನೊಂದು ಶಾಲೆಯಲ್ಲಿ ಹಾಗೆ ನಾಲಗೆ ಹೊರಗೆ ಹಾಕಿಕೊಂಡು ಕೂರುತ್ತಿದ್ದವಳು ನಾನು.

ಆಟ ಆಡಲು ನನಗೂ ಒಮ್ಮೆ ಅವಕಾಶ ಕೊಟ್ಟಿದ್ದರು, ಸುಳ್ಳು ಹೇಳಬಾರದು. ಸಿಕ್ಕಿದ ಚೆಂಡನ್ನು ತಬ್ಬಿಕೊಂಡು ಓಡಿ ನಮ್ಮ ಬುಟ್ಟಿಗೇ ಹಾಕಿ, ಅದರ ಮೇಲೆ ಕುಣಿದೂ ಬಿಟ್ಟಿದ್ದೆ. ಡ್ರಿಲ್ ಮೇಷ್ಟ್ರು ಹಣೆ ಚಚ್ಚಿಕೊಂಡು, ನೀನು ಲೆಕ್ಕದಲ್ಲಿ ಜಾಣೆ ಅಂತಾರಲ್ಲ, ಅಲ್ಲಿ ಹೋಗಿ ಕೂತ್ಕೋ ಎಂದು ಮೇಜು ತೋರಿಸಿದರು. ಆ ಮೇಜಿಗೆ ಒಂದು ಕಾಲು ಗಿಡ್ಡ, ಅದರಡಿಗೆ ಕಾಯಿ ಚಿಪ್ಪಿನ ಚೂರು ಕೊಡಬೇಕು. ನನ್ನ ಜೊತೆಗಾತಿ ನಾಗರತ್ನ. ಸಮಯ ನೋಡುವುದು ಅವಳ ಕೆಲಸ. ಅದಕ್ಕೆ ಅವರ ಮನೆಯ ಅಲಾರಂ ಟೈಂಪೀಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ತರುತ್ತಿದ್ದಳು. ನಿಲ್ಲಿಸಿದರೆ ಅದು ನಡೆಯುತ್ತಿರಲಿಲ್ಲ, ಅಂಗಾತ ಮಲಗಿಸಬೇಕಿತ್ತು. ಗಂಟೆಗೆ ಬದಲು ಒಂದು ಹಿತ್ತಾಳೆ ತಟ್ಟೆ, ಒಂದು ಸೌಟು. ಇಷ್ಟೇ ನಮ್ಮ ಸಂಸಾರ. ಆದರೆ ಅದರ ಗತ್ತು ಏನು ಕೇಳುತ್ತೀರಿ! ಎಂದೂ ಮಾತಾಡಿಸದ ಹುಡುಗಿಯರೆಲ್ಲ ಓಡಿ ಬಂದು ಎಷ್ಟಾಯ್ತೇ ಎಂದು ಕೇಳುವರು. ಹೆಡ್‌ಮಾಸ್ಟರಂಥ ಹೆಡ್‌ಮಾಸ್ಟರೂ ನಮ್ಮನ್ನೇ ಕೇಳಬೇಕು. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ನಾನು ತಡೆದು ತಡೆದು ಉತ್ತರ ಕೊಡುತ್ತಿದ್ದೆ.

ಲೆಕ್ಕದಲ್ಲಿ ಜಾಣೆ ಎಂಬ ಹೆಸರು ನನಗೆ ಬಂದದ್ದು ಪುಸ್ತಕದಿಂದಲ್ಲ, ತೋಟದಿಂದ. ನಮ್ಮದು ನೊಣವಿನಕೆರೆ ಪಕ್ಕದ ಹಳ್ಳಿ. ತೆಂಗಿನಕಾಯಿ ಕೆಡವಿದಾಗ, ಕೊಬ್ಬರಿಯಾಗಲು ಅಟ್ಟಕ್ಕೆ ಏರಿಸುವ ಮುಂಚೆ ಎಣಿಸಬೇಕು. ಮನೆಯ ಯಜಮಾನರಾಗಿದ್ದ ದೊಡ್ಡಪ್ಪ ಒಂದೊಂದು ಕೈಯಲ್ಲಿ ಒಂದೊಂದು ಕಾಯಿ ಎತ್ತಿ ಜೋಡಿಯಾಗಿ ಎಸೆಯುತ್ತಾ ಲಾಭ, ಎರಡು, ಮೂರು ಎಂದು ಕೂಗುತ್ತಿದ್ದರು. ಮೊದಲನೆಯದನ್ನು ಒಂದು ಎನ್ನದೆ ಲಾಭ ಎನ್ನುವುದು ನಮ್ಮ ಕಡೆಯ ರೂಢಿ. ಜೋಡಿಗೊಂದರಂತೆ ಗೋಡೆಯ ಮೇಲೆ ಇದ್ದಿಲಲ್ಲಿ ಗೀಟು ಹಾಕುವುದು ನನ್ನ ಕೆಲಸ. ಕಡೆಗೆ ಜೋಡಿಯಿಲ್ಲದೆ ಒಂಟಿ ಕಾಯಿ ಉಳಿದರೆ ನಮ್ಮ ಮನೆಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದು ಗೀಟು ಹಾಕಿದವಳಿಗೆ. ನಾನು ಅಲ್ಲೇ ಒಡೆದು ಬೆಲ್ಲದ ಜೊತೆ ತಿಂದು ಮುಗಿಸುತ್ತಿದ್ದೆ.

ಬ್ಯಾಸ್ಕೆಟ್‌ಬಾಲ್ ಸ್ಕೋರು ನನಗೆ ಅದೇ ಲೆಕ್ಕವಾಗಿ ಕಂಡಿತು. ಆಗ ಮೂರು ಅಂಕದ ಬುಟ್ಟಿ ಇರಲಿಲ್ಲ. ಬುಟ್ಟಿಗೆ ಎರಡು ಅಂಕ, ಅಂದರೆ ಒಂದು ಜೋಡಿ, ಅಂದರೆ ಒಂದು ಗೀಟು. ಫೌಲ್ ಆಗಿ ಫ್ರೀ ಥ್ರೋ ಕೊಟ್ಟರೆ ಮಾತ್ರ ಒಂದೇ ಅಂಕ. ಅದಕ್ಕೆ ಪಕ್ಕದಲ್ಲಿ ಒಂದು ಚುಕ್ಕೆ ಇಡುತ್ತಿದ್ದೆ, ಎರಡು ಚುಕ್ಕೆ ಸೇರಿದ ಕೂಡಲೇ ಅವನ್ನು ಹೊಡೆದು ಗೀಟು ಮಾಡುತ್ತಿದ್ದೆ. ಮೇಷ್ಟ್ರು ಅಂಕಿ ಬರಿ ಎಂದು ಎಷ್ಟು ಸಲ ಹೇಳಿದರೂ ನಾನು ಕೇಳಲಿಲ್ಲ. ಜಾಣೆಯಲ್ಲವೇ!

ಅಕ್ಕ ಆಗ ಹತ್ತನೇ ಕ್ಲಾಸು, ಶಾಲೆಯ ತಂಡಕ್ಕೆ ಕ್ಯಾಪ್ಟನ್. ಅವಳು ಆಡುವುದೆಂದರೆ ಬೀದಿಯಲ್ಲಿ ಹೋಗುವವರೂ ನಿಂತು ನೋಡುವರು. ಆ ವರ್ಷ ಫೈನಲ್ ನಮ್ಮ ಶಾಲೆಯಲ್ಲೇ ನಡೆಯಿತು, ಎದುರಿಗೆ ತುರುವೇಕೆರೆ ಕಡೆಯ ತಂಡ. ಗೆದ್ದವರಿಗೆ ತುಮಕೂರಿನಲ್ಲಿ ಜಿಲ್ಲಾ ಪಂದ್ಯ. ಹುಡುಗಿಯನ್ನು ಎರಡು ದಿನ ಊರು ಬಿಟ್ಟು ಕಳಿಸಲು ದೊಡ್ಡಪ್ಪ ಒಪ್ಪಿರಲಿಲ್ಲ. ಅಕ್ಕ ಒಂದು ಹೊತ್ತು ಊಟ ಬಿಟ್ಟು, ಅತ್ತು, ಕಾಡಿ ಒಪ್ಪಿಸಿದ್ದಳು. ಹಿಂದಿನ ದಿನವೇ ಬ್ಯಾಗಿಗೆ ಬಟ್ಟೆ ತುಂಬಿಟ್ಟಿದ್ದಳು. ಗೆಲ್ಲುವುದಕ್ಕೆ ಮುಂಚೆಯೇ ಏನೇ ಇದು ಎಂದರೆ, ಗೆಲ್ದೆ ಇನ್ನೇನು ಎಂದಿದ್ದಳು.

ಆಟ ಮುಗಿದಾಗ ಮೇಷ್ಟ್ರು ಎಷ್ಟಮ್ಮ ಎಂದು ಕೇಳಿದರು. ನಾನು ಗೀಟು ಎಣಿಸಿದೆ. ನಮ್ಮದು ಹನ್ನೊಂದು, ಅವರದೂ ಹನ್ನೊಂದು. ಇಪ್ಪತ್ತೆರಡು, ಇಪ್ಪತ್ತೆರಡು, ಸಮ ಎಂದು ಕೂಗಿದೆ. ಎದುರು ತಂಡದ ಕ್ಯಾಪ್ಟನ್, ಎರಡು ಜಡೆ ಮಡಿಸಿ ಕಟ್ಟಿದ್ದ ಉದ್ದನೆಯ ಹುಡುಗಿ, ಮೇಜಿನ ಹತ್ತಿರ ಬಂದು ನಮ್ದು ಒಂದು ಜಾಸ್ತಿ ಐತೆ ನೋಡ್ರಿ ಎಂದಳು. ನಮ್ಮ ಶಾಲೆಯವರು ಹೋ ಎಂದರು. ನಾನು ಪುಸ್ತಕದ ಕಡೆ ನೋಡಿದಂತೆ ಮಾಡಿ ಇಲ್ಲ ಎಂದೆ. ಐದು ನಿಮಿಷ ಹೆಚ್ಚಿಗೆ ಆಡಿಸಿದರು.

ಆ ಐದು ನಿಮಿಷದಲ್ಲಿ ಅಕ್ಕ ಒಂದು ಬುಟ್ಟಿ ಹಾಕಿದಳು, ಅವರೂ ಒಂದು ಹಾಕಿದರು. ಅವರ ಕಡೆ ಗೀಟು ಎಳೆಯಲು ಹೋದಾಗ ಪೆನ್ಸಿಲ್ ಮೊನೆ ಒಂದು ಚುಕ್ಕೆಯ ಪಕ್ಕ ನಿಂತಿತು. ಅವರಿಗೆ ಮೂರು ಫ್ರೀ ಥ್ರೋ ಬಿದ್ದಿದ್ದವು. ಎರಡು ಸೇರಿ ಗೀಟಾಗಿದ್ದವು, ಮೂರನೆಯದು ಒಂಟಿಯಾಗಿ ಉಳಿದಿತ್ತು. ಅದನ್ನು ಎಣಿಸಲು ನನಗೆ ಹೊಳೆದೇ ಇರಲಿಲ್ಲ. ಅವರು ಇಪ್ಪತ್ತಮೂರಕ್ಕೆ ಆಗಲೇ ಗೆದ್ದಾಗಿತ್ತು. ನಾಗರತ್ನನಿಗೆ ತೋರಿಸಿದೆ. ಅವಳು ಟೈಂಪೀಸಿನಿಂದ ಕಣ್ಣು ತೆಗೆಯದೆ, "ಸುಮ್ಕಿರು ಕಣೇ, ಈಗ ನಾವೇ ಗೆಲ್ತೀವಿ," ಎಂದಳು. ಹಾಗೇ ಆಯಿತು. ಅಕ್ಕ ಇನ್ನೊಂದು ಬುಟ್ಟಿ ಹಾಕಿದಳು, ನಾಗರತ್ನ ತಟ್ಟೆ ಬಡಿದಳು. ಮೈದಾನವೆಲ್ಲ ಅಕ್ಕನ ಸುತ್ತ ಕುಣಿಯಿತು. ನಾನು ಮಾತ್ರ ಪುಸ್ತಕವನ್ನು ಕೈಯಲ್ಲಿ ಮುಚ್ಚಿಕೊಂಡು ಕೂತಿದ್ದೆ.

ಅಕ್ಕ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಹೋದೆ. ಅವಳ ಬ್ಯಾಗು ಕಣ್ಣ ಮುಂದೆ ಬಂದು ಅಳು ಬಂತು. ಹೇಗೋ ಹೇಳಿದೆ. ಅಕ್ಕ ನೀರು ಸುರಿಯುವ ಮುಖದಲ್ಲೇ ನನ್ನನ್ನು ತುಂಬಾ ಹೊತ್ತು ನೋಡಿದಳು.

"ಯಾರಿಗಾದ್ರೂ ಹೇಳಿದೀಯ?"

"ನಾಗರತ್ನಂಗೆ."

ಅವಳು ನಲ್ಲಿ ನಿಲ್ಲಿಸಿದಳು. "ನಡಿ, ಹೇಳಾನ," ಎಂದಳು.

ಎರಡೂ ಶಾಲೆಯ ಮೇಷ್ಟ್ರುಗಳ ಮುಂದೆ ಪುಸ್ತಕ ಬಿಚ್ಚಿಟ್ಟು ಅವಳೇ ಚುಕ್ಕೆ ತೋರಿಸಿದಳು. ನಮಗೆ ಕೊಟ್ಟಿದ್ದ ಕಪ್ಪನ್ನು ಅವಳೇ ಒಯ್ದು ಆ ಉದ್ದನೆಯ ಹುಡುಗಿಯ ಕೈಗೆ ಕೊಟ್ಟಳು. ನಮ್ಮವರೇ ನಮ್ಮನ್ನು ಬೈದರು. ನಾಗರತ್ನ ಒಂದು ತಿಂಗಳು ನನ್ನ ಜೊತೆ ಟೂ ಬಿಟ್ಟಳು. ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ತಿರುಗಿ ಕೂತಳು, ಮನೆಗೆ ಬಂದು ಬ್ಯಾಗಿನ ಬಟ್ಟೆ ತೆಗೆದು ಒಂದೊಂದಾಗಿ ಮತ್ತೆ ಪೆಟ್ಟಿಗೆಗೆ ಇಟ್ಟಳು. ನನಗೆ ಒಂದು ಮಾತು ಅನ್ನಲಿಲ್ಲ. ದೊಡ್ಡಪ್ಪ ವಿಷಯ ಕೇಳಿ, ಅದು ಮನೆ ಲೆಕ್ಕ ಕಣವ್ವ, ಊರಿಗೆಲ್ಲ ಅದೇ ಹಾಕಿದ್ರೆ ಹೆಂಗೆ ಎಂದು ನಕ್ಕರು. ಡ್ರಿಲ್ ಮೇಷ್ಟ್ರು ಮರುವರ್ಷವೂ ನನ್ನನ್ನೇ ಮೇಜಿಗೆ ಕೂರಿಸಿದರು. ಆದರೆ ಪ್ರತಿ ಐದು ನಿಮಿಷಕ್ಕೆ ಬಂದು ಅಂಕಿಯಲ್ಲಿ ಬರೆದಿದ್ದೇನೆಯೇ ಎಂದು ಇಣುಕುತ್ತಿದ್ದರು.

ಈ ಕಥೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಮಕ್ಕಳಿಗೆ, ಅವಳ ಮಕ್ಕಳಿಗೆ, ಮದುವೆ ಮನೆಗಳಲ್ಲಿ ಎಲೆ ಮುಂದೆ ಕೂತವರಿಗೆ. ನೋಡಿ, ಎಂಥ ಅಕ್ಕ ನನಗೆ ಎಂದು. ಅಕ್ಕ ಮಾತ್ರ ಪ್ರತಿ ಸಲವೂ, ಹಳೇದೆಲ್ಲ ಯಾಕೀಗ ಬುಡು ಎಂದು ಎದ್ದು ಹೋಗುವಳು. ಅದೂ ಅವಳ ದೊಡ್ಡತನ ಎಂದುಕೊಂಡು ನಾನು ಇನ್ನಷ್ಟು ಬಣ್ಣ ಕಟ್ಟುತ್ತಿದ್ದೆ.

ಕುರ್ಚಿ ಹಾಕಿಸಿದ ಆ ಟೀಚರಿಗೂ ಅವತ್ತು ಹೇಳಿದೆ. ಆಕೆ ಅಕ್ಕನ ಕೈ ಮುಟ್ಟಿ ನಮಸ್ಕರಿಸಿ ಕೋರ್ಟಿನ ಕಡೆ ಹೋದರು. ಈ ಸಲ ಅಕ್ಕ ಎದ್ದು ಹೋಗುವಂತಿರಲಿಲ್ಲ, ಕಣ್ಣು ಕಾಣುತ್ತಿರಲಿಲ್ಲವಲ್ಲ. ಕೂತಲ್ಲೇ ಹೇಳಿದಳು:

"ನಂಗೆ ಮೊದ್ಲೇ ಗೊತ್ತಿತ್ತು ಕಣೇ. ಆಡ್ತಾ ಆಡ್ತಾ ನಾನೂ ಎಣಿಸ್ಕೊಂಡಿದ್ದೆ. ಅವ್ರದ್ದು ಇಪ್ಪತ್ಮೂರು. ಆ ಹುಡುಗಿ ನಿನ್ನ ಮೇಜಿನ ಹತ್ರ ಬಂದಾಗ ನಾನು ಆ ಕಡೆ ತಿರುಗ್ಕೊಂಡೆ."

ನಾನು ಅವಳ ಕಡೆ ತಿರುಗಿದೆ.

"ನೀನು ಬಂದು ಹೇಳ್ದೆ ಇದ್ದಿದ್ರೆ ಕಪ್ ತಗಂಡು ತುಮಕೂರಿಗೆ ಹೋಗ್ತಿದ್ದೆ. ನೀನು ಅಳ್ತಾ ಬಂದು ನಿಂತ್ಕಂಡೆ. ಇನ್ನೇನು ಮಾಡ್ಲಿ?"

ಸಿಟ್ಟು ಬಂತು ನನಗೆ, ನಿಜ ಹೇಳುತ್ತೇನೆ. ನಲವತ್ತು ವರ್ಷಕ್ಕೂ ಮಿಕ್ಕಿ ತಲೆಯ ಮೇಲೆ ಹೊತ್ತು ತಿರುಗಿದ್ದೆನಲ್ಲ ಇವಳನ್ನು! ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

"ನೀನು ಅಷ್ಟು ಚೆನ್ನಾಗಿ ಹೇಳ್ತಿದ್ದೆ," ಎಂದಳು ಅಕ್ಕ. "ಹೆಂಗೆ ಹೇಳ್ಲಿ ಹೇಳು."

ಆ ಸಿಟ್ಟು ಎಷ್ಟು ಹೊತ್ತು ಇದ್ದೀತು. ಪಕ್ಕದಲ್ಲಿ ಮಂಜು ಕಣ್ಣು ಪಿಳುಕಿಸುತ್ತಾ, ಹದಿನೈದರ ಹುಡುಗಿಯ ಹಾಗೆ ಬೈಗುಳಕ್ಕೆ ಕಾಯುತ್ತಾ ಕೂತಿದ್ದಳು. ಇವಳು ನನಗೆ ಎಂದಿಗಿಂತ ಹತ್ತಿರದವಳಾಗಿ ಕಂಡಳು. ಇನ್ನು ಮೇಲೆ ಆ ಕಥೆ ನೀನೇ ಹೇಳಬೇಕು, ನಾನು ಹೇಳುವುದಿಲ್ಲ ಎಂದೆ. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಔಷಧಿಯ ಹನಿಯೋ ಕಣ್ಣೀರೋ ನಾನು ಕೇಳಲಿಲ್ಲ. ಆಮೇಲೆ ಟೀಚರು ಎಲ್ಲಿದ್ದಾರೆ ಎಂದಳು. ತೋರಿಸಿದೆ. ಆ ದಿಕ್ಕಿಗೆ ಕೈ ಬೀಸಿ, ಮೇಡಂ, ಒಂದ್ ನಿಮಿಷ ಬತ್ತೀರಾ ಎಂದು ಕರೆದಳು. ಆಕೆ ಬಂದು ನಿಂತರು. ಅಕ್ಕ ಮೊದಲಿನಿಂದ ಹೇಳತೊಡಗಿದಳು. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ.