ನನ್ನ ಮಗ ಕುಸ್ತಿ ಕಣದಲ್ಲಿ ಕುಳಿತ ದಿನ

ನನ್ನ ಮಗ ಹೆದರಿ ಕುಸ್ತಿ ಬಿಟ್ಟ ಎಂದು ಊರಲ್ಲಿ ಈಗಲೂ ಹೇಳುವವರಿದ್ದಾರೆ. ಸುಳ್ಳು. ಅಂದು ನಡೆದದ್ದು ಇಷ್ಟೇ: ಒಬ್ಬ ಪೈಲ್ವಾನನ ಮೈಬಣ್ಣ ನೋಡಿ ಊರಿಗೆ ಊರೇ ಹಲ್ಲು ಕಿಸಿಯಿತು, ನನ್ನ ಮಗ ಅದಕ್ಕೆ ಒಪ್ಪಲಿಲ್ಲ. ಮಾಳಿಗೆಯ ಮೇಲೆ ಕುಳಿತು ಎಲ್ಲವನ್ನೂ ನೋಡಿದವಳು ನಾನು.

ನಮ್ಮೂರ ಚಾವಡಿಗೆ ಮೊದಲ ಟಿವಿ ಬಂದ ವರ್ಷ ಅದು. ಎಂಬತ್ತೈದೋ ಎಂಬತ್ತಾರೋ ಇರಬೇಕು. ಆಳಂದದಿಂದ ಖಜೂರಿಗೆ ಹೋಗುವ ರಸ್ತೆಯಿಂದ ತುಸು ಒಳಗೆ ನಮ್ಮ ಊರು. ಮುಂದೆ ಹೋದರೆ ಮಹಾರಾಷ್ಟ್ರ. ಹಾಗಾಗಿ ನಮ್ಮಲ್ಲಿ ಕುಸ್ತಿಯ ಹುಚ್ಚು ಮೊದಲಿನಿಂದಲೂ ಹೆಚ್ಚು. ನನ್ನ ಒಬ್ಬನೇ ಮಗ ಶರಣಪ್ಪ ಊರಿನ ಪೈಲ್ವಾನ. ಗಂಡ ತೀರಿಕೊಂಡಿದ್ದ, ಕುಸ್ತಿಯೇ ನಮ್ಮ ಹೊಟ್ಟೆಪಾಡು.

ಪೈಲ್ವಾನನನ್ನು ಸಾಕುವುದು ಒಂದು ಮನೆಯಿಂದ ಆಗುವ ಮಾತಲ್ಲ. ಊರವರು ಸರದಿ ಹಾಕಿಕೊಂಡಿದ್ದರು. ದಿನಾ ಬೆಳಿಗ್ಗೆ ಎರಡು ಮೂರು ಮನೆಗಳಿಂದ ತಂಬಿಗೆ ತುಂಬ ಎಮ್ಮೆ ಹಾಲು ಬರುತ್ತಿತ್ತು. ಮರುದಿನ ನಾನು ಆ ತಂಬಿಗೆ ತೊಳೆದು, ಒಳಗೆ ಕುಸ್ತಿ ಕಣದ ಕೆಂಪು ಮಣ್ಣು ಒಂದು ಹಿಡಿ ಹಾಕಿ ಹಿಂದಿರುಗಿಸಬೇಕು. ಅರಿಷಿಣ, ಮಜ್ಜಿಗೆ, ಎಣ್ಣೆ ಹಾಕಿ ಹದ ಮಾಡಿದ ಮಣ್ಣು ಅದು. ಕೂಸುಗಳ ಹಣೆಗೆ ಹಚ್ಚಿದರೆ ಗಟ್ಟಿಮುಟ್ಟಾಗುತ್ತವೆ ಎಂದು ನಂಬಿಕೆ. ಹಾಲು ಅವರದು, ಮಣ್ಣು ನಮ್ಮದು. ಬರಿ ತಂಬಿಗೆ ಯಾರ ಮನೆಗೂ ಹೋದದ್ದಿಲ್ಲ. ಆ ಮಣ್ಣಿಗೆ ಅಷ್ಟು ಮರ್ಯಾದೆ. ಗಂಡಸರು ಚಪ್ಪಲಿ ದೂರ ಬಿಟ್ಟು, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡೇ ಕಣದ ಸುತ್ತ ಕೂರುತ್ತಿದ್ದರು.

ಆ ವರ್ಷ ಯುಗಾದಿಯ ಮರುದಿನ ದೊಡ್ಡ ಕುಸ್ತಿ. ಶರಣಪ್ಪನ ಎದುರಿಗೆ ಹಳಿಯಾಳದ ಕಡೆಯ ಸಿದ್ದಿ ಜನಾಂಗದ ಪೈಲ್ವಾನ, ಬಸ್ತ್ಯಾಂವ ಎಂದು ಹೆಸರು. ಪರವೂರ ಪೈಲ್ವಾನರು ನಮ್ಮ ಮನೆಯಲ್ಲೇ ಇಳಿಯುವುದು ವಾಡಿಕೆ. ಬಾಗಿಲಲ್ಲಿ ಅವನನ್ನು ಕಂಡು ನಾನು ಒಂದು ಗಳಿಗೆ ನೋಡುತ್ತ ನಿಂತೆ. ಅಷ್ಟು ಕಪ್ಪು ಮೈ, ಅಂಥ ಗುಂಗುರು ಕೂದಲು ಅಲ್ಲಿಯವರೆಗೆ ಕಂಡಿರಲಿಲ್ಲ. ಅವನು "ಅವ್ವಾರ, ನೀರು ಕೊಡ್ರಿ" ಎಂದ. ಆಡುವ ಮಾತು ನಮ್ಮದೇ. ಒಳಗೆ ಕರೆದೆ.

"ಎಷ್ಟು ರೊಟ್ಟಿ ತಿಂತೀಯಪ್ಪ?" ಎಂದು ಕೇಳಿದೆ.

"ಈಗ ಬ್ಯಾಡ್ರಿ, ಕುಸ್ತಿ ಆಗ್ಲಿ. ನಿಮ್ಮ ಮಗನ್ನ ಚಿತ್ ಮಾಡಿದ ಮ್ಯಾಲೂ ರೊಟ್ಟಿ ಕೊಡ್ತೀರೇನ್ರಿ?"

"ಕೊಡ್ತೇನಿ. ಮೊದಲ ಅವನ್ನ ಅಲುಗಾಡ್ಸಿ ತೋರ್ಸು."

ಇಬ್ಬರೂ ಪೈಲ್ವಾನರು ನಕ್ಕರು. ಆ ದಿನ ಯಾರಾದರೂ ಸರಿಯಾಗಿ ನಕ್ಕದ್ದು ಅದೊಂದೇ ಸಲ.

ಹೆಂಗಸರು ಕಣದ ಹತ್ತಿರ ಹೋಗುವಂತಿಲ್ಲ. ಎದುರಿನ ಮನೆಯ ಮಣ್ಣಿನ ಮಾಳಿಗೆ ಹತ್ತಿ ಕುಳಿತೆವು. ಬಸ್ತ್ಯಾಂವ ಅಂಗಿ ಕಳೆದು ಕಣಕ್ಕೆ ಇಳಿದದ್ದೇ ತಡ, ಜನ ಶುರು ಮಾಡಿದರು.

"ಏ, ಈ ಡಾಂಬರ ಡಬ್ಬಿ ಎಲ್ಲಿಂದ ತಂದ್ರೋ!"

ಒಬ್ಬ ಮಂಗನ ಹಾಗೆ ಕೂಗಿದ. ಅವನನ್ನು ನೋಡಿ ಇನ್ನೊಬ್ಬ, ಆಮೇಲೆ ಇಡೀ ಒಂದು ಕಡೆಯ ಜನ. ಬಾಳೆಹಣ್ಣಿನ ಸಿಪ್ಪೆ ಬಂದು ಬಿತ್ತು. ನನ್ನ ಪಕ್ಕದ ಹೆಂಗಸರೂ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಬಸ್ತ್ಯಾಂವ ಯಾರ ಕಡೆಗೂ ನೋಡಲಿಲ್ಲ.

ಕೈ ಹಿಡಿಯುವ ಮೊದಲು ಪೈಲ್ವಾನರು ಒಬ್ಬರ ಮೈಗೆ ಒಬ್ಬರು ಮಣ್ಣು ಹಚ್ಚಬೇಕು. ಶರಣಪ್ಪ ಹಿಡಿ ಮಣ್ಣು ತೆಗೆದುಕೊಂಡ. ಆಗ ಹಣಮಂತ ಎದ್ದು ಕೂಗಿದ. ಹಿಂದಿನ ವರ್ಷ ಶರಣಪ್ಪ ಗೆದ್ದಾಗ ಹೆಗಲ ಮೇಲೆ ಹೊತ್ತು ಊರೆಲ್ಲ ಕುಣಿದವನೇ ಈ ಹಣಮಂತ.

"ಶರಣ್ಯಾ, ಮುಟ್ಟಬ್ಯಾಡೋ! ಅವನ ಬಣ್ಣ ನಿನಗ ಹತ್ತೀತು!"

ಶರಣಪ್ಪ ಕೈಯಲ್ಲಿದ್ದ ಮಣ್ಣನ್ನು ಮೆಲ್ಲಗೆ ಕೆಳಗೆ ಬಿಟ್ಟ. ಹಾಗೆಯೇ ಕಣದ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟ.

ಕಣದ ಬದಿಗೆ ಬಾರಿಸುತ್ತಿದ್ದ ಹಲಗೆ ನಿಂತಿತು. ಕುಸ್ತಿ ಇಟ್ಟಿದ್ದ ಗೌಡರು ಎದ್ದು ಬಂದರು. "ಏಳಲೇ ಶರಣ್ಯಾ, ಯಾಕ ಕುಂತಿ?"

"ಕೂಗಿದವ್ರು ಇವಗ ಕೈ ಮುಗೀಲ್ರಿ ಗೌಡ್ರ. ಅಲ್ಲೀತನ ನಾ ಏಳಂಗಿಲ್ಲ."

ಬಸ್ತ್ಯಾಂವನೇ ಬಗ್ಗಿ ಅವನ ತೋಳು ಹಿಡಿದು ಜಗ್ಗಿದ. "ಏಳೋ ತಮ್ಮಾ. ನನಗ ಇದು ದಿನಾ ಐತಿ. ನನಗ ಕುಸ್ತಿ ಬೇಕು, ಮನ್ಯಾಗ ಮಕ್ಕಳದಾವು."

ಶರಣಪ್ಪ ಏಳಲಿಲ್ಲ.

ಆಗ ಚಪ್ಪಲಿ ಬಂತು. ಹಣಮಂತ ಓಡಿಹೋಗಿ ದೂರ ಬಿಟ್ಟಿದ್ದ ತನ್ನ ಚಪ್ಪಲಿ ತಂದು ಒಗೆದಿದ್ದ. ಶರಣಪ್ಪನ ಎದೆಗೆ ಬಡಿದು ಮಣ್ಣಲ್ಲಿ ಬಿತ್ತು. "ನಮ್ಮ ಹಾಲು ಕುಡದು ನಮಗ ಎದುರಾಗ್ತಿಯೇನಲೇ!"

ಕಣಕ್ಕೆ ಚಪ್ಪಲಿ! ಜನ ಈಗ ಹಣಮಂತನನ್ನು ಹಿಡಿದು ಬಡಿಯುತ್ತಾರೆ ಎಂದುಕೊಂಡೆ. ಬಡಿಯಲಿಲ್ಲ. ಎರಡನೆಯ ಚಪ್ಪಲಿ ಬಂತು, ಮೂರನೆಯದು ಬಂತು, ಆಮೇಲೆ ಲೆಕ್ಕವಿಲ್ಲ. ಎಸೆದವರ ಮುಖ ಒಂದೊಂದೂ ನನಗೆ ಗೊತ್ತು. ಅವರ ಮನೆಯ ತಂಬಿಗೆಗಳೂ ಗೊತ್ತು. ಮಾಳಿಗೆಯ ಮಣ್ಣನ್ನು ಉಗುರಿನಿಂದ ಕೆರೆಯುತ್ತ ಕುಳಿತಿದ್ದೆ. ಅದು ಗೊತ್ತಾದದ್ದು ಉಗುರು ಕಿತ್ತು ರಕ್ತ ಬಂದ ಮೇಲೆ.

ಬಸ್ತ್ಯಾಂವ ಸುತ್ತ ಒಂದು ಸಲ ನೋಡಿದ. ಆಮೇಲೆ ಅವನೂ ಶರಣಪ್ಪನ ಮಗ್ಗುಲಲ್ಲಿ ಕುಳಿತ.

"ಬಾರಸಲೇ ಯಲ್ಯಾ, ಬ್ಯಾರೆ ಜೋಡಿ ಬಿಡ್ತೇವಿ" ಎಂದು ಗೌಡರು ಹಲಗೆಯವನಿಗೆ ಗದರಿದರು. ಯಲ್ಲಪ್ಪ ಹಲಗೆಯನ್ನು ಕೊರಳಿಂದ ತೆಗೆದು ನೆಲಕ್ಕಿಟ್ಟ.

"ಕೈ ನೋಯಾಕತ್ತಾವ್ರಿ ಗೌಡ್ರ" ಎಂದ. ಅಷ್ಟೇ. ಹಲಗೆ ಇಲ್ಲದೆ ಕುಸ್ತಿ ಇಲ್ಲ. ಜನ ಬೈಯುತ್ತ ಚದುರಿದರು.

ಸಂಜೆ ಇಬ್ಬರಿಗೂ ರೊಟ್ಟಿ ಬಡಿದು ಹಾಕಿದೆ. ಬಸ್ತ್ಯಾಂವ ತಲೆ ತಗ್ಗಿಸಿ ಹೇಳಿದ: "ನಿಮ್ಮ ಮಗ ನನ್ನ ಹೊಟ್ಟಿ ಮ್ಯಾಲ ಹೊಡದನ್ರಿ ಅವ್ವಾರ. ಆದ್ರ ಈತನಕ ನನ್ನ ಸಲುವಾಗಿ ಯಾರೂ ಕುಂತಿದ್ದಿಲ್ಲ."

ಅಷ್ಟರಲ್ಲಿ ಗೌಡರು ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. "ನೀಲಮ್ಮ, ಮಗಗ ಬುದ್ಧಿ ಹೇಳು. ನಾಳಿ ಚಾವಡಿಗಿ ಬಂದು ತಪ್ಪಾತು ಅಂದ್ರ ಸರದಿ ಹಾಲು ಬರ್ತದ. ಇಲ್ಲಂದ್ರ ಇವತ್ತಿಗೆ ಮುಗೀತು. ಹಾಲಿಲ್ಲದ ಪೈಲ್ವಾನ ಎಷ್ಟು ದಿನ ನಿಲ್ತಾನ, ನೀನೇ ನೋಡು."

ಅವರು ಹೋದ ಮೇಲೆ ಶರಣಪ್ಪ ನನ್ನ ಮುಖ ನೋಡಿದ. "ಏನ್ ಮಾಡ್ಲಿ ಯವ್ವ?"

"ಉಣ್ಣು" ಎಂದೆ.

ಬೆಳಗಾಯಿತು. ಹಾಲು ತರುವವರು ಯಾರೂ ಬರಲಿಲ್ಲ. ನಮ್ಮ ಎಮ್ಮೆ ಹಿಂಡಿ, ಬಂದಷ್ಟನ್ನು ಇಬ್ಬರಿಗೂ ಸಮ ಹಂಚಿ ಕುಡಿಸಿದೆ. ಬಸ್ತ್ಯಾಂವ ಕಾಲು ಮುಟ್ಟಿ ನಮಸ್ಕಾರ ಮಾಡಿ ಬಸ್ಸಿಗೆ ಹೋದ. ಮನೆಯಲ್ಲಿ ಹಿಂದಿನ ದಿನದ ಮೂರು ತಂಬಿಗೆ ಇದ್ದವು. ಹುಣಸೆಹುಳಿ ಹಚ್ಚಿ ಫಳಫಳ ಹೊಳೆಯುವಂತೆ ತಿಕ್ಕಿದೆ. ಎರಡು ಮನೆಯ ಕಟ್ಟೆಯ ಮೇಲೆ ಎರಡನ್ನು ಇಟ್ಟು ಬಂದೆ, ಯಾರನ್ನೂ ಕೂಗಲಿಲ್ಲ. ಮೂರನೆಯದು ಹಣಮಂತನ ಮನೆಯದು. ಅವನ ಹೆಂಡತಿ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ತಂಬಿಗೆ ತೆಗೆದುಕೊಂಡು ಒಳಗೆ ಇಣುಕಿದಳು, ಕೈ ಹಾಕಿ ನೋಡಿದಳು.

"ಅತ್ತಿ, ಮಣ್ಣು ಹಾಕಿಲ್ಲಲ್ರಿ? ಕೂಸಿನ ಹಣಿಗಿ?"

"ಮಣ್ಣಾಗ ನಿನ್ನ ಗಂಡನ ಚಪ್ಪಲಿ ಬಿದ್ದದ. ಅದನ್ನ ಹಚ್ಚು" ಎಂದು ಹೇಳಿ ಮನೆಗೆ ಬಂದೆ.